ದಿಣ್ಣೆಯ ಅಮ್ಮನನ್ನು ಹಲಸೂರಿಗೆ ತಂದದ್ದು

ದಿಣ್ಣೆಯ ಮೇಲೆ ಬೇವು ಕಟ್ಟಿದ್ದಾರೆ ಎಂದು ನನಗೆ ಹೇಳಿದವಳು ಸೊಪ್ಪಿನವಳು. ಕೆ.ಆರ್. ಪುರದ ಸಂತೆಯ ಹತ್ತಿರ ಅವಳ ಜೊತೆ ಚೌಕಾಸಿ ಮಾಡುತ್ತಿದ್ದೆ.

"ದಿಣ್ಣೆ ಸೊಪ್ಪು ಇವತ್ತಿಲ್ಲ ಕಣಜ್ಜಿ. ಅಲ್ಲಿ ಮಗೀಗೆ ಅಮ್ಮ ಆಗೈತಂತೆ. ಕುಡ್ಲು ಮುಟ್ಟಿ ಸೊಪ್ಪು ಕುಯ್ಯಂಗಿಲ್ಲ" ಎಂದಳು.

ಅಮ್ಮ ಎಂದರೆ ದಡಾರ. ನಾನು ಆರೋಗ್ಯ ಕೇಂದ್ರದ ಆಯಾ. ನೆಲ ಒರೆಸುವುದು, ಲಸಿಕೆ ಡಬ್ಬಿ ಹೊರುವುದು, ಅಳುವ ಮಕ್ಕಳ ಕೈಕಾಲು ಹಿಡಿಯುವುದು ನನ್ನ ಕೆಲಸ. ಓದು ಬಸ್ಸಿನ ಬೋರ್ಡಿನ ತನಕ. ಇದರಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ದಡಾರ ಎಂದು ಕಿವಿಗೆ ಬಿದ್ದರೆ ಏನು ಮಾಡಬೇಕೆಂದು ಗೊತ್ತು. ಸೊಪ್ಪು ಬಿಟ್ಟು ಕೇಂದ್ರಕ್ಕೆ ವಾಪಸು ಹೋಗಿ ಡಾಕ್ಟರಮ್ಮನಿಗೆ ಹೇಳಿದೆ.

ದಿಣ್ಣೆ ಎಂದರೆ ಕೆ.ಆರ್. ಪುರದ ಆಚೆ ಒಂದು ಕೆರೆಯ ಮಧ್ಯೆ ಇರುವ ನಡುಗಡ್ಡೆ. ಕೆರೆಯ ಸುತ್ತ ಈಗ ಎತ್ತರೆತ್ತರದ ಅಪಾರ್ಟ್‌ಮೆಂಟು. ಕೆರೆ ಸರ್ಕಾರದ್ದು, ದಿಣ್ಣೆ ಮಾತ್ರ ಕಲ್ಯಾಣ ನಗರದ ಒಬ್ಬ ಯಜಮಾನರದು. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ. ಅವರ ತಾತನ ಕಾಲದಿಂದ ಹಾಗೇ ಅಂತೆ. ಅಲ್ಲಿ ಹತ್ತಾರು ಮನೆ, ಮಣ್ಣಿನ ಗೋಡೆ, ಜೊಂಡಿನ ಸೂರು. ಕರೆಂಟಿಲ್ಲ, ಶಾಲೆಯಿಲ್ಲ. ಜನ ಸೊಪ್ಪು ಬೆಳೆಯುತ್ತಾರೆ, ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆಯುತ್ತಾರೆ. ಹೋಗಿ ಬರಲು ಒಂದೇ ಒಂದು ತೆಪ್ಪ. ಸೇತುವೆಗೆ ಯಜಮಾನರು ಒಪ್ಪಲಿಲ್ಲ. ಹೊರಗಿನವರು ಕಾಲಿಡಬೇಕಾದರೆ ಅವರ ಅಪ್ಪಣೆ ಬೇಕು. ಭಾನುವಾರ ಅವರೇ ಕಾರಿನಲ್ಲಿ ಸ್ನೇಹಿತರನ್ನು ಕರೆತಂದು ದಡದಲ್ಲಿ ನಿಂತು, "ಬೆಂಗಳೂರು ಮೊದಲು ಹೆಂಗಿತ್ತು ಅಂತ ನೋಡ್ಬೇಕಾದ್ರೆ ಇಲ್ಲಿ ನೋಡಿ" ಎಂದು ಕೈ ತೋರಿಸುತ್ತಾರೆ.

ಲಸಿಕೆ ಒಯ್ಯುವುದು ಟಿಫಿನ್ ಒಯ್ದ ಹಾಗಲ್ಲ. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವ ತನಕ ಕಾಯಬೇಕು. ಆಮೇಲೆ ಡಬ್ಬಿಯ ಗೋಡೆಗೆ ಒಂದೊಂದು ನಿಲ್ಲಿಸಿ, ನಡುವೆ ಲಸಿಕೆಯ ಪುಡಿಯ ಸೀಸೆ, ಅದಕ್ಕೆ ಬೆರೆಸುವ ನೀರಿನ ಸೀಸೆ ಇಡಬೇಕು. ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದರೆ ಎಸೆಯಬೇಕು. ಅದಕ್ಕೇ ಮಕ್ಕಳು ಕಣ್ಣೆದುರು ಬಂದು ನಿಲ್ಲುವ ತನಕ ನಮ್ಮ ಸಿಸ್ಟರು ಸೀಸೆ ತೆರೆಯುವುದಿಲ್ಲ. ಸಿಸ್ಟರು ಕಾಕ್ಸ್‌ಟೌನಿನ ತಮಿಳು ಹುಡುಗಿ. ನನ್ನನ್ನು ಪಾಟಿ ಎಂದು ಕರೆಯುತ್ತಾಳೆ, ಅಂದರೆ ಅಜ್ಜಿ.

ಇಬ್ಬರೂ ಕೆರೆಯ ದಡಕ್ಕೆ ಹೋದೆವು. ತೆಪ್ಪದವನು ದಿಣ್ಣೆಯವನೇ, ಗಿಡ್ಡ ಆಸಾಮಿ. ಹುಟ್ಟನ್ನು ಅಡ್ಡ ಹಿಡಿದು ಕೂತಿದ್ದ.

"ಯಜಮಾನ್ರು ಏಳ್ದೆ ಅತ್ತುಸ್ಕೊಳಂಗಿಲ್ಲ."

"ಮಕ್ಕಳಿಗೆ ಸೂಜಿ ಹಾಕ್ಬೇಕಪ್ಪ" ಎಂದೆ.

"ಸೂಜಿನಾ? ಸೂಜಿ ಅಂದ್ರೆ ಯಜಮಾನ್ರು ಏಳಿದ್ರೂ ಅತ್ತುಸ್ಕೊಳಂಗಿಲ್ಲ" ಎಂದು ನಕ್ಕ.

ಸಿಸ್ಟರು ಯಜಮಾನರಿಗೆ ಫೋನು ಹಚ್ಚಿದಳು. ಅವರು ಮೆತ್ತಗೆ ಮಾತಾಡುವವರು. "ಅಲ್ಲಿ ಕಾಯಿಲೆ ಎಲ್ಲಿಂದ ಬರ್ಬೇಕು ಸಿಸ್ಟರ್? ಅವರು ತಿನ್ನೋದು ರಾಗಿ, ಕುಡಿಯೋದು ಬಾವಿ ನೀರು. ಕಾಯಿಲೆ ಇರೋದು ನಮ್ಮಂಥೋರಿಗೆ" ಎಂದು ಇಟ್ಟುಬಿಟ್ಟರು. ಡಬ್ಬಿಯನ್ನು ಹೊತ್ತ ಹಾಗೇ ವಾಪಸು ತಂದೆ. ಸೀಸೆ ತೆರೆದಿರಲಿಲ್ಲವಾದ್ದರಿಂದ ಲಸಿಕೆ ಉಳಿಯಿತು.

ಡಾಕ್ಟರಮ್ಮ ಸುಮ್ಮನಿರುವ ಹೆಂಗಸಲ್ಲ. ಮೇಲಿನ ಆಫೀಸಿಗೆ ಫೋನು ಮಾಡಿದರು. ಖಾಸಗಿ ಜಾಗ, ಮಾಲೀಕರನ್ನು ಒಪ್ಪಿಸಿ ಎಂದರಂತೆ. ಮಾರನೆಯ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಕಲ್ಯಾಣ ನಗರಕ್ಕೆ, ಯಜಮಾನರ ಮನೆಗೇ ಹೋದರು. ಮನೆಯೊಳಗೆ ಲಿಫ್ಟು ಇತ್ತು. ಹಾಲಿನಲ್ಲಿ ದಿಣ್ಣೆಯ ದೊಡ್ಡ ಫೋಟೋ. ಕೂತುಕೊಳ್ಳಲು ಹೇಳಿ ಕಾಫಿ ಕೊಟ್ಟರು, ನನಗೂ ಕೊಟ್ಟರು. ಸುಳ್ಳು ಹೇಳಬಾರದು, ಮರ್ಯಾದಸ್ಥರು.

"ನೋಡಿ ಡಾಕ್ಟ್ರೇ, ನಮ್ಮ ತಾತ ಆ ಜನಕ್ಕೆ ಮಾತು ಕೊಟ್ಟಿದ್ರು. ನೀವು ನಿಮ್ಮ ಪದ್ಧತಿಯಲ್ಲೇ ಬದುಕಿ, ಯಾರೂ ಕೈಹಾಕಲ್ಲ ಅಂತ. ಸುತ್ತ ಏನೆಲ್ಲ ಆಗೋಯ್ತು! ಅಲ್ಲೊಂದು ಕಡೆ ಉಳಿದಿದೆ."

"ಪದ್ಧತಿ ಇರ್ಲಿ ಸರ್. ದಡಾರ ಒಂದು ಮಗುವಿಗೆ ಬಂದ್ರೆ ಉಳಿದೋರಿಗೂ ಬರತ್ತೆ."

"ಹೋಗಿ ನೋಡಿ, ನಾನು ಬೇಡ ಅನ್ನಲ್ಲ. ಅವರಿಗೆ ಇಷ್ಟ ಇಲ್ಲದ್ದನ್ನ ಮಾತ್ರ ಮಾಡ್ಬೇಡಿ. ನಾನೇ ಅವರಿಗೆ ಬಲವಂತ ಮಾಡಲ್ಲ."

ಕರೆಂಟು ಬೇಕೋ ಬೇಡವೋ ಎಂದು ಅವರನ್ನು ಯಾವಾಗ ಕೇಳಿದ್ದಿರಿ ಎಂದು ನನ್ನ ನಾಲಗೆ ತುದಿಗೆ ಬಂತು. ಡಾಕ್ಟರಮ್ಮ ನನ್ನ ಕಡೆ ಕಣ್ಣು ಬಿಟ್ಟರು. ಕಾಫಿ ಕುಡಿದು ಎದ್ದೆವು.

ಅಲ್ಲಿಂದ ಡಾಕ್ಟರಮ್ಮ ಕೇಂದ್ರಕ್ಕೆ ಹೋದರು. ನಾನು, ಡಬ್ಬಿ ಹೊತ್ತು ಬಂದ ಸಿಸ್ಟರು ಮತ್ತೆ ದಡಕ್ಕೆ. ಈ ಸಲ ತೆಪ್ಪದವನು ಹತ್ತಿಸಿಕೊಂಡ. ಆದರೆ ಹತ್ತುವ ಮೊದಲು ತಕರಾರು ತೆಗೆದ.

"ಕಬ್ಬಿಣ ಎಲ್ಲ ಇಲ್ಲೇ ಮಡಗಿ. ಅಮ್ಮ ಇರೋ ಗಂಟ ದಿಣ್ಣೆ ಮ್ಯಾಕೆ ಕಬ್ಬಿಣ ಬರಂಗಿಲ್ಲ."

ಸಿಸ್ಟರು ಕೈಗಡಿಯಾರ ಬಿಚ್ಚಿದಳು. ಫೋನು, ಬೀಗದ ಕೈ, ಕೂದಲ ಪಿನ್ನು. ನನ್ನ ಸೆರಗಿನ ಪಿನ್ನನ್ನೂ ಬಿಡಲಿಲ್ಲ. ಸೂಜಿ ಇದ್ದ ಲಸಿಕೆ ಡಬ್ಬಿಯಂತೂ ದಡದ ಚಹಾ ಅಂಗಡಿಯಲ್ಲೇ ಉಳಿಯಿತು. ಸಿಸ್ಟರ ಚೀಲದಲ್ಲಿ ಉಳಿದದ್ದು ದಡಾರದ ಮಕ್ಕಳಿಗೆ ಕುಡಿಸುವ ವಿಟಮಿನ್ ಔಷಧಿ, ಅದರ ಪ್ಲಾಸ್ಟಿಕ್ ಚಮಚ.

"ಪಾಟಿ, ನಿಮ್ಮ ಹಲ್ಲಲ್ಲಿ ಕಬ್ಬಿಣ ಇದೆಯಾ?" ಎಂದಳು.

"ಹಲ್ಲೇ ಇಲ್ಲ, ನಡಿ" ಎಂದೆ.

ದಿಣ್ಣೆಗೆ ದೊಡ್ಡವಳು ಒಬ್ಬಳು ಮುದುಕಿ, ನನ್ನ ವಯಸ್ಸಿನವಳೇ. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಾರೆ. ಅವಳ ಮಾತೇ ಅಲ್ಲಿ ನಡೆಯುವುದು. ಕಾಯಿಲೆ ಮಗುವಿನ ಮನೆಯ ಬಾಗಿಲಲ್ಲೇ ತಡೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನೂ ಡಾಕ್ಟ್ರಾ?"

"ನಾನು ಡಾಕ್ಟ್ರ ನೆಲ ಒರೆಸೋಳು."

"ಅಂಗಾರೆ ಒಳೀಕ್ ಬಾ" ಎಂದಳು.

ಒಳಗೆ ಬೇವಿನ ಸೊಪ್ಪಿನ ಮೇಲೆ ಒಂದು ಹೆಣ್ಣುಮಗು ಮಲಗಿತ್ತು. ಮೈಯೆಲ್ಲ ಕೆಂಪು, ಕಣ್ಣು ಅಂಟಿಕೊಂಡಿತ್ತು. ತಾಯಿ ಪಕ್ಕದಲ್ಲಿ ಬೇವಿನ ಕೊಂಬೆ ಬೀಸುತ್ತ ಕೂತಿದ್ದಳು, ಇನ್ನೂ ಚಿಕ್ಕವಳು. ಮಗುವಿನ ಉಸಿರು ನಾಯಿಯ ಉಸಿರಿನ ಹಾಗೆ ಓಡುತ್ತಿತ್ತು. ಸಿಸ್ಟರು ಉಸಿರು ಎಣಿಸಲು ರೂಢಿಯಂತೆ ಕೈ ತಿರುಗಿಸಿದಳು, ಗಡಿಯಾರ ಇರಲಿಲ್ಲ. ಅಂಗಿ ಮೇಲೆತ್ತಿ ನೋಡಿದಳು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

"ಪಾಟಿ, ಗಡಿಯಾರ ಬೇಡ. ಇದು ನ್ಯುಮೋನಿಯಾ. ಆಸ್ಪತ್ರೆಗೆ ಹೋಗ್ಬೇಕು, ಆಕ್ಸಿಜನ್ ಬೇಕು. ನಾಳೆ ಅಲ್ಲ, ಇವತ್ತೇ."

ಔಷಧಿಯನ್ನು ಚಮಚದಲ್ಲಿ ಕುಡಿಸಲು ದೊಡ್ಡಮ್ಮ ಬಿಟ್ಟಳು. ಪ್ಲಾಸ್ಟಿಕ್ಕಿಗೆ ಅಮ್ಮನ ತಕರಾರಿಲ್ಲವಂತೆ. ಆದರೆ ಆಸ್ಪತ್ರೆ ಎಂದ ಕೂಡಲೇ ತಲೆ ಆಡಿಸಿದಳು.

"ಅಮ್ಮ ಮೈಮ್ಯಾಲೆ ಇರೋ ಮಗು ನೀರು ದಾಟಂಗಿಲ್ಲ. ದಾಟಿದ್ರೆ ಅಮ್ಮ ಮುನಿಸ್ಕೊಂಡು ಇರೋ ಮಕ್ಕಳ ಮ್ಯಾಲೆಲ್ಲ ಬತ್ತಾಳೆ."

ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ದೊಡ್ಡಮ್ಮನ ಎದುರು ಬಾಯಿ ಬಿಡುವ ಧೈರ್ಯ ಅವಳಿಗಿರಲಿಲ್ಲ. ನಾನು ಜಗಲಿಯ ಮೇಲೆ ದೊಡ್ಡಮ್ಮನ ಪಕ್ಕ ಕೂತೆ. ಎಲೆ ಅಡಿಕೆ ಕೊಟ್ಟೆ. ಜಗಳವಾಡಿದರೆ ಆ ಹೆಂಗಸು ಬಗ್ಗುವವಳಲ್ಲ ಎಂದು ಗೊತ್ತಾಗಿತ್ತು.

"ಅಲ್ಲ ಕಣೇ, ಹಿಂದೆ ಹಿಂಗೆ ಜೋರಾದಾಗ ಏನ್ ಮಾಡ್ತಿದ್ರಿ? ಸುಮ್ನೆ ಕೂತು ನೋಡ್ತಿದ್ರಾ?"

"ಯಾಕೆ ನೋಡ್ತಿದ್ವಿ? ಯಜಮಾನ್ರು ಬತ್ತಿದ್ರು" ಎಂದಳು. "ಈಗಿನ ಯಜಮಾನ್ರ ತಾತ ಬಂದವ್ರೆ, ಅಪ್ಪ ಬಂದವ್ರೆ. ಬೇವಿನ ನೀರಿನ ಮಡಕೆ ತಲೆ ಮ್ಯಾಲೆ ಒತ್ಕೊಂಡು, ಬರಿಗಾಲಲ್ಲಿ, 'ನಮ್ಮನೇಗೆ ಬಾ ತಾಯಿ' ಅಂತ ಮೂರು ಸಲ ಕರಿಯೋರು. ಅಮ್ಮ ಅವ್ರ ಬೆನ್ನಿಂದೆ ಓಗೋಳು. ಮಡಕೆ ನೀರು ದಾಟಿದ್ರೆ ಆಯ್ತು, ಮಗು ಎಲ್ಲಿಗಾರ ಓಗ್ಬೋದು, ಕಬ್ಬಿಣಾನೂ ಬರ್ಬೋದು."

"ಆ ಮಡಕೆ?"

"ಯಜಮಾನ್ರ ಮನೇಲೇ ಇರ್ತದೆ. ನಡುವೆ ಎಲ್ಲೂ ಕೆಳಗಿಡಂಗಿಲ್ಲ."

ಸಿಸ್ಟರ ಮುಖ ಅರಳಿತು. ಇಬ್ಬರೂ ಓಡಿ ತೆಪ್ಪ ಹತ್ತಿದೆವು. ದಡಕ್ಕೆ ಬಂದು ಸಿಸ್ಟರು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಅವರು ಯಜಮಾನರಿಗೆ ಮಾಡಿದರು. ನಾವಿನ್ನೂ ಚಹಾ ಕುಡಿಯುತ್ತಿದ್ದೆವು, ಆಂಬುಲೆನ್ಸಿನಲ್ಲಿ ಡಾಕ್ಟರಮ್ಮ ಬಂದರು, ಹಿಂದೆಯೇ ಕಾರಿನಲ್ಲಿ ಯಜಮಾನರು. ನನಗೆ ಎಂಥ ನೆಮ್ಮದಿ ಎಂದರೆ, ಕೆಲಸ ಆಯಿತು ಎಂದೇ ಅಂದುಕೊಂಡೆ. ಹಳೆಯದನ್ನು ಉಳಿಸಬೇಕೆಂದು ಇಷ್ಟು ಹಟ ಹಿಡಿದ ಮನುಷ್ಯ. ಇದಕ್ಕಿಂತ ಹಳೆಯದು ಏನು ಬೇಕು?

ಯಜಮಾನರು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಮನೇಲಿ ಮೊಮ್ಮಕ್ಕಳಿದ್ದಾರೆ ಡಾಕ್ಟ್ರೇ."

"ಅವರಿಗೆ ದಡಾರದ ಲಸಿಕೆ ಆಗಿಲ್ವಾ ಸರ್?"

"ಆಗಿದೆ, ಆಗಿದೆ. ಎಲ್ಲಾ ಟೈಮ್‌ಗೆ ಸರಿಯಾಗಿ ಹಾಕಿಸಿದೀವಿ."

"ಮತ್ತೇನು ತೊಂದರೆ?"

ಯಜಮಾನರು ನೀರಿನ ಕಡೆ ನೋಡಿದರು. "ಅದೆಲ್ಲ ಮೂಢನಂಬಿಕೆ. ನಾನು ಓದಿದೋನು, ತಲೆ ಮೇಲೆ ಮಡಕೆ ಹೊತ್ಕೊಂಡು ಹೋಗೋದು ಅಂದ್ರೆ..."

"ಮೂಢನಂಬಿಕೆ ಅಂದ್ಮೇಲೆ ಬರೀ ನೀರು ತಾನೇ ಸರ್? ಒಂದು ಮಗು ಉಳಿಯತ್ತೆ, ಹೊತ್ಕೊಂಡು ಬನ್ನಿ" ಎಂದರು ಡಾಕ್ಟರಮ್ಮ.

ಯಜಮಾನರು ಕಾರಿನ ಬಾಗಿಲಿಗೆ ಕೈ ಹಾಕಿದರು. ಹೆದರಿದ ಗಂಡಸರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ, ಸೂಜಿ ನೋಡಿದರೆ ಹಾಗೇ ಆಗುತ್ತದೆ. "ನೀವೇ ಏನಾದ್ರೂ ದಾರಿ ನೋಡಿ. ನಮ್ಮ ಜನಕ್ಕೆ ನೋವಾಗ್ಬಾರದು ಅಷ್ಟೇ" ಎಂದು ಕಾರು ಹತ್ತಿದರು. ಕಾರು ತಿರುಗಿಸಿಕೊಂಡು ಹೋಗುವುದನ್ನು ತೆಪ್ಪದವನೂ ನಿಂತು ನೋಡಿದ.

ಪೊಲೀಸರನ್ನು ಕರೆಯೋಣ ಎಂದರು ಡಾಕ್ಟರಮ್ಮ. ಬಂದರೂ ಆ ತೆಪ್ಪದಲ್ಲೇ ಬರಬೇಕು, ಅಷ್ಟರಲ್ಲಿ ಮಗುವನ್ನು ಎಲ್ಲಿ ಬಚ್ಚಿಡುತ್ತಾರೋ ಗೊತ್ತಿಲ್ಲ ಎಂದಳು ಸಿಸ್ಟರು. ಅವರಿಬ್ಬರೂ ಮಾತಾಡುತ್ತಿರುವಾಗಲೇ ನಾನು ಚಪ್ಪಲಿ ಬಿಟ್ಟು ತೆಪ್ಪ ಹತ್ತಿದೆ.

ದೊಡ್ಡಮ್ಮ ಜಗಲಿಯ ಮೇಲೇ ಕಾಯುತ್ತಿದ್ದಳು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಅರ್ಥ ಮಾಡಿಕೊಂಡಳು.

"ಮಡಕೆ ಕೊಡು. ನಾನು ಹೊರ್ತೀನಿ" ಎಂದೆ.

"ನೀನ್ಯಾವೋಳು ಒರೋಕೆ? ನಿಂಗೆ ಮನೆ ಐತಾ?"

"ಹಲಸೂರಲ್ಲಿ ಒಂದು ರೂಮಿದೆ."

"ಸ್ವಂತದ್ದಾ?"

"ಬಾಡಿಗೆದು."

"ಬಾಡಿಗೆ ಮನೇಗೆ ಅಮ್ಮ ಬತ್ತಾಳಾ?"

"ಈ ದಿಣ್ಣೆ ನಿಮ್ಮ ಸ್ವಂತದ್ದಾ? ಇಲ್ಲಿಗೆ ಬರ್ಲಿಲ್ವಾ ಅವಳು?"

ಸುತ್ತ ನಿಂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡಮ್ಮ ಅವರ ಕಡೆ ತಿರುಗಿ ನೋಡಿದಳು, ನಗು ನಿಂತಿತು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಂಗಳಕ್ಕೆ ಉಗಿದಳು. ಒಳಗಿನಿಂದ ಮಗುವಿನ ಉಸಿರು ಕೇಳಿಸುತ್ತಿತ್ತು. ಆಗ ಮೊದಲ ಸಲ ತಾಯಿ ಬಾಯಿ ಬಿಟ್ಟಳು. "ದೊಡ್ಡಮ್ಮಾ" ಎಂದಳು, ಅಷ್ಟೇ.

ದೊಡ್ಡಮ್ಮ ಎದ್ದು ಮಡಕೆ ತಂದಳು. "ಕರೆದ್ರೆ ಕರೆದಂಗೆ. ಆಮ್ಯಾಕೆ ಇಲ್ಲ ಅನ್ನಂಗಿಲ್ಲ" ಎಂದಳು. ಆಗಲಿ ಎಂದೆ. ಆ ಮಾತಿನ ತೂಕ ಎಷ್ಟು ಎಂದು ಆಗ ನನಗೆ ಹೊಳೆಯಲಿಲ್ಲ. ಮಗುವಿಗೆ ಗಾಳಿ ಸಿಕ್ಕರೆ ಸಾಕಾಗಿತ್ತು.

ಬೇವಿನ ನೀರು ತುಂಬಿದ ಮಡಕೆಯನ್ನು ನನ್ನ ತಲೆಯ ಸಿಂಬೆಯ ಮೇಲಿಟ್ಟರು. "ನಮ್ಮನೇಗೆ ಬಾ ತಾಯಿ" ಎಂದು ಮೂರು ಸಲ ಕರೆದೆ. ನಿನಗೆ ನಂಬಿಕೆ ಇತ್ತಾ ಎಂದು ಡಾಕ್ಟರಮ್ಮ ಆಮೇಲೆ ಕೇಳಿದರು. ಆ ಕೆಲಸಕ್ಕೆ ನಂಬಿಕೆ ಬೇಕಿರಲಿಲ್ಲ, ಗಟ್ಟಿ ಕುತ್ತಿಗೆ ಬೇಕಿತ್ತು.

ನನ್ನ ಮಡಕೆ ಮೊದಲು ನೀರು ದಾಟಿತು. ತೆಪ್ಪ ವಾಪಸು ಹೋಗಿ ಮಗುವನ್ನು, ತಾಯಿಯನ್ನು ತಂದಿತು. ಆಂಬುಲೆನ್ಸಿನಲ್ಲಿ ಮಗುವಿನ ಮೂಗಿಗೆ ಆಕ್ಸಿಜನ್ ಹಾಕಿ ಬಾಗಿಲು ಮುಚ್ಚುವುದನ್ನು ಮಡಕೆ ಹಿಡಿದುಕೊಂಡೇ ನೋಡಿದೆ.

"ಪಾಟಿ, ಆಯ್ತಲ್ಲ, ಇಲ್ಲೇ ಚೆಲ್ಲಿಬಿಡಿ" ಎಂದು ಸಿಸ್ಟರು ಕಿವಿಯಲ್ಲಿ ಹೇಳಿದಳು. ಚೆಲ್ಲುವ ಹಾಗಿರಲಿಲ್ಲ. ಮಡಕೆ ಮನೆ ಮುಟ್ಟುವುದನ್ನು ನೋಡಿಕೊಂಡು ಬಾ ಎಂದು ದೊಡ್ಡಮ್ಮ ತೆಪ್ಪದವನನ್ನು ನನ್ನ ಹಿಂದೆ ಕಳಿಸಿದ್ದಳು.

ಆಟೋದವರು ಮಡಕೆ ನೋಡಿ ನಿಲ್ಲಿಸಲಿಲ್ಲ. ಮೆಟ್ರೋಗೆ ಹೋದೆವು. ತಪಾಸಣೆಯ ಹುಡುಗಿ ಮಡಕೆಯನ್ನು ಬೆಲ್ಟಿನ ಮೇಲೆ ಇಡಿ ಎಂದಳು.

"ಇಡಂಗಿಲ್ಲಮ್ಮ. ಇದರಲ್ಲಿ ಅಮ್ಮ ಇದ್ದಾಳೆ, ಮನೇಗೆ ಕರ್ಕೊಂಡು ಹೋಗ್ತಿದೀನಿ. ಬೇಕಾದ್ರೆ ನೀನು ಇಳಿಸ್ಕೋ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಹೋಗಿ ಅಜ್ಜಿ, ಹೋಗಿ" ಎಂದಳು. ಬೋಗಿಯಲ್ಲಿ ಜನ ನಮ್ಮಿಬ್ಬರ ಸುತ್ತ ಜಾಗ ಬಿಟ್ಟು ನಿಂತರು. ತೆಪ್ಪದವನು ಕಂಬ ತಬ್ಬಿಕೊಂಡು ಬೈಯಪ್ಪನಹಳ್ಳಿ ದಾಟುವ ತನಕ ಕಣ್ಣು ಬಿಡಲಿಲ್ಲ. ಇಂದಿರಾನಗರದಲ್ಲಿ ಕೇಳಿದ, "ಇವ್ರೆಲ್ಲ ಎಲ್ಲಿಗೋಗ್ತಾವ್ರೆ?" ಮನೆಗೆ ಎಂದೆ. "ಇಷ್ಟು ಜನಕ್ಕೂ ಮನೆ ಐತಾ?" ಎಂದ.

ನನ್ನ ರೂಮಿನ ಮೂಲೆಯಲ್ಲಿ ಮಡಕೆ ಇಳಿಸಿದೆ. ಬಾಗಿಲಿಗೆ ಬೇವು ಕಟ್ಟಿದೆ. ಕುತ್ತಿಗೆ ಒಂದು ವಾರ ತಿರುಗಲಿಲ್ಲ.

ಮಾರನೆಯ ದಿನ ಲಸಿಕೆ ಡಬ್ಬಿ ಹೊತ್ತು ಮತ್ತೆ ದಿಣ್ಣೆಗೆ ಹೋದೆವು. ಅಮ್ಮ ಹೊರಟಿದ್ದಳು, ಕಬ್ಬಿಣ ಬರಬಹುದಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮೇಲೆ ಸಿಸ್ಟರು ಸೀಸೆ ತೆರೆದಳು. ಸೂಜಿ ಹಿಡಿದಾಗ ದೊಡ್ಡಮ್ಮ ನನ್ನ ಕಡೆ ತಿರುಗಿ, "ಚುಚ್ಬೋದಾ ಯಜಮಾನ್ತಿ?" ಎಂದಳು. ಗೇಲಿ ಮಾಡುತ್ತಿದ್ದಾಳೆ ಎಂದುಕೊಂಡು, "ಚುಚ್ಲಿ ಚುಚ್ಲಿ" ಎಂದೆ. ಮಕ್ಕಳ ಕೈ ಹಿಡಿದೆ, ಕಚ್ಚಿಸಿಕೊಂಡೆ. ಎಲ್ಲರಿಗೂ ಆಯಿತು. ಆಸ್ಪತ್ರೆಯಲ್ಲಿ ಮಗು ಕಣ್ಣು ಬಿಟ್ಟಿತು, ಆಮೇಲೆ ಗಂಜಿ ಕುಡಿಯಿತು, ಆಮೇಲೆ ನರ್ಸುಗಳ ಮೇಲೆ ಕಿರುಚಿತು. ಉಳಿಯಿತು.

ಇಲ್ಲಿಗೆ ನಿಲ್ಲಿಸಬಹುದಾಗಿದ್ದರೆ ಚೆನ್ನಾಗಿತ್ತು.

ಅಮಾವಾಸ್ಯೆಗೆ ತೆಪ್ಪದವನು ನನ್ನ ಬಾಗಿಲಲ್ಲಿ ಹೊಸ ಚಾಪೆಗಳ ಕಟ್ಟು ಇಳಿಸಿದ. ಹೊಸ ಚಾಪೆ ಮೊದಲು ಯಜಮಾನರ ಮನೆಗೆ ಹೋಗಬೇಕು, ಅದು ದಿಣ್ಣೆಯ ಪದ್ಧತಿ. "ದಾರಿ ತಪ್ಪಿದೀಯ" ಎಂದೆ. "ಅಮ್ಮ ಯಾರ ಮನೇಲವ್ಳೋ ಅವ್ರೇ ಯಜಮಾನ್ರು. ನಾವೇನು ಒಸದಾಗಿ ಮಾಡಿದ್ದಲ್ಲ" ಎಂದು ಹೋದ. ಕರೆದ್ರೆ ಕರೆದಂಗೆ ಎಂಬ ದೊಡ್ಡಮ್ಮನ ಮಾತು ಆಗ ನನಗೆ ಅರ್ಥವಾಯಿತು.

ಕಲ್ಯಾಣ ನಗರಕ್ಕೆ ಚಾಪೆ ಹೋಗದೆ ಇದ್ದದ್ದು ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಯಜಮಾನರು ಕೇಂದ್ರಕ್ಕೆ ಬಂದರು. ನಾನು ನೆಲ ಒರೆಸುತ್ತಿದ್ದೆ.

"ಯಾರು ಅದು ಯಜಮಾನ್ತಿ?"

"ನಾನೇ ಸಾರ್. ಒದ್ದೆ ಇದೆ, ಜಾರೀತು, ಆ ಕಡೆ ನಿಲ್ಲಿ."

"ಏನ್ ತಮಾಷೆನಮ್ಮ ಇದು? ಭಾನುವಾರ ನನ್ನ ಸ್ನೇಹಿತರ ಎದುರಿಗೆ ಆ ಮುದುಕಿ, ನಮ್ಮ ಯಜಮಾನ್ತಿನ ಕೇಳ್ಬೇಕು, ಆಮೇಲೆ ತೆಪ್ಪ ಹತ್ತಿ ಅಂತಾಳೆ! ನನಗೆ!"

"ತಮಾಷೆ ನಂದಲ್ಲ, ನಿಮ್ಮ ತಾತಂದು. ಮಡಕೆ ನನ್ನ ರೂಮಲ್ಲೇ ಇದೆ. ಬನ್ನಿ, ನಾನೇ ನಿಮ್ಮ ತಲೆ ಮೇಲೆ ಎತ್ತಿ ಇಡ್ತೀನಿ. ಬಾ ತಾಯಿ ಅಂತ ಮೂರು ಸಲ ಕರೆದು ತಗೊಂಡೋಗಿ. ನಾಳೆಯಿಂದ ನೀವೇ ಯಜಮಾನ್ರು. ಕಾರಲ್ಲಿ ಬಂದಿದೀರಲ್ಲ, ಹಲಸೂರು ಎಷ್ಟು ದೂರ?"

ಅವರು ಜೇಬಿನಿಂದ ಕಾರಿನ ಕೀಲಿ ತೆಗೆದರು. ಒಂದು ಗಳಿಗೆ ಬರುತ್ತಾರೆ ಎಂದೇ ಕಂಡಿತು. ಆಮೇಲೆ, "ಅದೆಲ್ಲ ಮೂಢನಂಬಿಕೆ" ಎಂದು ಹೊರಟರು.

ಆಮೇಲೆ ಅವರು ತಡ ಮಾಡಲಿಲ್ಲ. ಜಾಗ ಖಾಲಿ ಮಾಡಿ ಎಂದು ಹೇಳಿಕಳಿಸಿದರು. ದಿಣ್ಣೆಯವರ ಹತ್ತಿರ ಕಾಗದ ಇಲ್ಲ, ಪತ್ರ ಇಲ್ಲ, ಗುರುತಿನ ಚೀಟಿಯೂ ಇಲ್ಲ. ಪದ್ಧತಿಯವರಿಗೆ ಅದೆಲ್ಲ ಯಾಕೆ ಎಂದು ಯಜಮಾನರು ಮಾಡಿಸಲು ಬಿಟ್ಟಿರಲಿಲ್ಲ. ಡಾಕ್ಟರಮ್ಮ ಆಫೀಸು ಆಫೀಸು ತಿರುಗಿದರು. ಎಲ್ಲರೂ ಪಾಪ ಎಂದರು. ಜಾಗ ಖಾಲಿಯಾಯಿತು. ಈಗಲೂ ದಿಣ್ಣೆಯ ಮೇಲೆ ಮಣ್ಣಿನ ಮನೆಗಳು ಹಾಗೇ ಇವೆ, ಜೊಂಡಿನ ಸೂರು ಹೊಸದು. ಬೆಳಿಗ್ಗೆ ಬಸ್ಸಿನಲ್ಲಿ ಕೂಲಿಗೆ ಬಂದ ಹೆಂಗಸರು ಹಳೇ ಸೀರೆ ಉಟ್ಟು ಚಾಪೆ ಹೆಣೆಯುತ್ತಾರೆ, ಸಂಜೆ ಡ್ರೆಸ್ ಬದಲಾಯಿಸಿ ಬಸ್ಸಿನಲ್ಲಿ ವಾಪಸು ಹೋಗುತ್ತಾರೆ. ನೋಡಲು ಬರುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ.

ದಿಣ್ಣೆಯವರು ಹೊರಟ ದಿನ ಮಧ್ಯಾಹ್ನ ಕೆಲಸ ಮುಗಿಸಿ ನಾನು ಹಲಸೂರಿನ ನಮ್ಮ ಓಣಿಗೆ ತಿರುಗಿದೆ. ಓಣಿಯ ತುಂಬ ಜನ. ಚಾಪೆ ಸುತ್ತಿ ತಲೆಯ ಮೇಲೆ ಹೊತ್ತವರು, ಕೋಳಿ ಕಂಕುಳಲ್ಲಿ ಹಿಡಿದವರು. ಮುಂದೆ ತೆಪ್ಪದವನು, ಅವನಿಗೆ ದಾರಿ ಗೊತ್ತಿತ್ತಲ್ಲ. ಬೈಕಿನವರು ಹಾರನ್ನು ಹೊಡೆಯುತ್ತಿದ್ದರು. ಆ ಮಗು ತಾಯಿಯ ಸೆರಗು ಹಿಡಿದು ಎರಡು ಕಾಲಲ್ಲೂ ಗಟ್ಟಿಯಾಗಿ ನಿಂತಿತ್ತು. ತಾಯಿ ನನ್ನನ್ನು ನೋಡಿ ಮುಖ ತಿರುಗಿಸಿದಳು.

ದೊಡ್ಡಮ್ಮ ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಬಂದದ್ದು ನೋಡಿ ಎದ್ದು ನಿಂತಳು. ದಿಣ್ಣೆಯಲ್ಲಿ ಯಾರಿಗೂ ಅವಳು ಎದ್ದದ್ದನ್ನು ನಾನು ಕಂಡಿರಲಿಲ್ಲ.

"ಬಂದಿದೀವಿ ಯಜಮಾನ್ತಿ. ಎಲ್ಲಿ ಇರ್ಬೇಕು, ಏಳಿ."

"ನಾನು ಯಜಮಾನ್ತಿ ಅಲ್ಲ ಕಣೇ. ಆಯಾ ನಾನು" ಎಂದೆ.

"ಅದನ್ನ ಮಡಕೆ ಒರೋವಾಗ ಏಳ್ಬೇಕಿತ್ತು" ಎಂದಳು.